ಬದಲಿ ಮಾಸ್ತರರಾಗಿ ಹೋಗುವವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ಓದಲು ಬರುವ ಬಂಧುಗಳಲ್ಲಿ ಕೆಲವರು ಈಚೆಗೆ ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದುಂಟು. "ಶಾಲೆಯೊಂದರಲ್ಲಿ ಟೀಚರು ಮೂರು ತಿಂಗಳ ರಜೆಯ ಮೇಲೆ ಹೋಗುತ್ತಾರಂತೆ. ನನ್ನ ತಂಗಿ ಬಿ.ಎಡ್. ಮಾಡಿ ಮನೆಯಲ್ಲಿದ್ದಾಳೆ. ಆ ಜಾಗಕ್ಕೆ ಕಳುಹಿಸಬಹುದೆ?" ಎಂದು ಒಬ್ಬರು ಕೇಳಿದರು. "ರಾತ್ರಿ ಶಾಲೆಯ ಮಾಸ್ತರರು ಊರಿಗೆ ಹೋಗಿದ್ದಾರೆ. ಎರಡು ವಾರ ಬಂದು ಗಣಿತ ಹೇಳಿಕೊಡಿರೆಂದು ಕೇಳುತ್ತಾರೆ. ನನಗೆ ಅಭ್ಯಾಸವಿಲ್ಲ, ಒಪ್ಪಿಕೊಳ್ಳಲೆ?" ಎಂದು ಇನ್ನೊಬ್ಬರು ಕೇಳಿದರು.

ನಾನು ಮೆಟ್ರಿಕ್‌ವರೆಗೆ ಓದಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಶಿಕ್ಷಣಶಾಸ್ತ್ರ ಬಲ್ಲವನಲ್ಲ. ಆದರೆ ಸಂಘದವರ ಮಾತಿನ ಮೇಲೆ ನಾಲ್ಕಾರು ಸಲ ಇಂತಹ ಬದಲಿ ಕೆಲಸಕ್ಕೆ ಹೋಗಿ, ತಪ್ಪುಗಳನ್ನೂ ಮಾಡಿ ಬಂದಿದ್ದೇನೆ. ಮುಂದೆ ಹೋಗುವವರು ಅದೇ ತಪ್ಪುಗಳನ್ನು ಮಾಡದಿರಲಿ ಎಂಬ ಉದ್ದೇಶದಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಗೆಯ ಕೆಲಸ

ಬದಲಿ ಮಾಸ್ತರಿಕೆಯಲ್ಲಿ ಎರಡು ಬಗೆ. ಮೊದಲನೆಯದು, ಮಾನ್ಯತೆ ಪಡೆದ ಹಗಲು ಶಾಲೆಯಲ್ಲಿ ರಜೆಯ ಮೇಲೆ ಹೋದವರ ಜಾಗಕ್ಕೆ ಪಗಾರದ ಮೇಲೆ ಹೋಗುವುದು. ಎರಡನೆಯದು, ರಾತ್ರಿ ಶಾಲೆಗೋ ಸಂಘಗಳು ನಡೆಸುವ ಕನ್ನಡ ಕಲಿಕೆಯ ವರ್ಗಕ್ಕೋ ಸೇವಾರೂಪದಲ್ಲಿ ಹೋಗಿ ನೆರವಾಗುವುದು.

ಮೊದಲನೆಯದಕ್ಕೆ ಅರ್ಹತೆ ಬೇಕು. 2009ರ ಶಿಕ್ಷಣ ಹಕ್ಕು ಕಾನೂನಿನ ಮೇರೆಗೆ 2010ರಲ್ಲಿ ಗೊತ್ತುಪಡಿಸಿದಂತೆ, ಒಂದರಿಂದ ಐದನೆಯ ಇಯತ್ತೆಯವರೆಗೆ ಕಲಿಸುವವರು ಹನ್ನೆರಡನೆಯದು ಪಾಸಾಗಿ ಎರಡು ವರ್ಷದ ಶಿಕ್ಷಕ ಡಿಪ್ಲೊಮಾ ಪಡೆದಿರಬೇಕು. ಆರರಿಂದ ಎಂಟರವರೆಗೆ ಪದವಿ ಮತ್ತು ಶಿಕ್ಷಕ ತರಬೇತಿ ಬೇಕು. ಈ ಎರಡಕ್ಕೂ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಒಂಬತ್ತು, ಹತ್ತನೆಯ ಇಯತ್ತೆಗಳಿಗೆ ಪದವಿಯೊಡನೆ ಬಿ.ಎಡ್. ಅವಶ್ಯ. ಆದುದರಿಂದ ನನ್ನಂತಹ ಮೆಟ್ರಿಕ್ ಓದಿದವರು ಹಗಲು ಶಾಲೆಯ ಪಗಾರದ ಜಾಗಕ್ಕೆ ಆಸೆಪಡುವುದು ವ್ಯರ್ಥ. ನಮ್ಮ ಪಾಲಿಗೆ ಉಳಿಯುವುದು ಎರಡನೆಯ ಬಗೆಯ ಕೆಲಸ, ಅದೂ ಸಣ್ಣದಲ್ಲ.

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ. ಕನ್ನಡ ಅವುಗಳಲ್ಲೊಂದು. ಆದರೆ ಕನ್ನಡ ಶಾಲೆಗಳೂ ಅವುಗಳ ಮಕ್ಕಳೂ ಮೊದಲಿಗಿಂತ ಬಹಳ ಕಡಿಮೆಯಾಗಿರುವುದನ್ನು ಎಲ್ಲರೂ ಬಲ್ಲರು. ಮಕ್ಕಳು ಕಡಿಮೆಯಿರುವ ಶಾಲೆಯಲ್ಲಿ ಒಬ್ಬ ಮಾಸ್ತರರು ರಜೆ ಹೋದರೆ ಎರಡು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕಾಗುತ್ತದೆ. ಕನ್ನಡ ಬಲ್ಲ ಬದಲಿಯವರು ಸಿಗುವುದು ಮರಾಠಿ ಬಲ್ಲವರು ಸಿಕ್ಕಷ್ಟು ಸುಲಭವಲ್ಲ. ಕರೆ ಬಂದಾಗ ಇದನ್ನೂ ನೆನಪಿಡಬೇಕು.

ಕೈಗೆ ಬರುವ ಕಾಗದ

ಪಗಾರದ ಕೆಲಸಕ್ಕೆ ಹೋಗುವವರು ಮೊದಲು ನೋಡಬೇಕಾದುದು ನೇಮಕದ ಆದೇಶಪತ್ರವನ್ನು. ಖಾಸಗಿ ಶಾಲೆಗಳ ನೌಕರರಿಗಾಗಿ ಮಹಾರಾಷ್ಟ್ರದಲ್ಲಿ 1977ರ ಕಾನೂನೂ 1981ರ ನಿಯಮಗಳೂ ಇವೆ. ಖಾಯಂ ಜಾಗಕ್ಕೆ ಅರ್ಹರನ್ನು ತೆಗೆದುಕೊಂಡರೆ ಎರಡು ವರ್ಷದ ಪರೀಕ್ಷಾವಧಿ ಎಂದು ಕಾನೂನು ಹೇಳುತ್ತದೆ. ರಜೆಯ ಜಾಗಕ್ಕೆ ತೆಗೆದುಕೊಂಡವರ ಮಾತು ಬೇರೆ. ಅವರ ಆದೇಶಪತ್ರದಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೇವಲ ತಾತ್ಪೂರ್ತಿಕ ನೇಮಕವೆಂದೂ, ಅವಧಿ ಮುಗಿದೊಡನೆ ಬೇರೆ ನೋಟೀಸು ಇಲ್ಲದೆಯೇ ಸೇವೆ ಮುಗಿಯುತ್ತದೆಂದೂ ಬರೆದಿರುತ್ತದೆ. ಅವಧಿಗೆ ಮುಂಚೆಯೇ ತೆಗೆಯುವುದಾದರೆ ಒಂದು ತಿಂಗಳ ನೋಟೀಸನ್ನಾಗಲಿ ಒಂದು ತಿಂಗಳ ವೇತನವನ್ನಾಗಲಿ ಕೊಡಬೇಕೆಂದು ನಿಯಮವುಂಟು.

ಈ ಸಾಲುಗಳನ್ನು ಓದದೆ, "ಒಳಗೆ ಕಾಲಿಟ್ಟರೆ ಮುಂದೆ ಹೇಗಾದರೂ ಖಾಯಂ ಆದೀತು" ಎಂದು ನಂಬಿ, ಕೈಯಲ್ಲಿದ್ದ ಬೇರೆ ಕೆಲಸವನ್ನು ಬಿಟ್ಟು ಬಂದವರು ಕಷ್ಟಕ್ಕೀಡಾಗುತ್ತಾರೆ. ಬಾಯಿಮಾತಿನ ಭರವಸೆಯನ್ನು ನಂಬಬಾರದು. ಕಾಗದ ಕೈಗೆ ಬಂದ ಮೇಲೆಯೇ ಹೋಗತಕ್ಕದ್ದು. ಅದರ ಒಂದು ಪ್ರತಿಯನ್ನು ಮನೆಯಲ್ಲಿಡತಕ್ಕದ್ದು. ಅನುದಾನಿತ ಶಾಲೆಯಾದರೆ ಶಿಕ್ಷಣ ಇಲಾಖೆಯ ಮಂಜೂರಾತಿಯೂ ಬೇಕಾಗುವುದರಿಂದ ಪಗಾರ ಕೈಗೆ ಬರಲು ತಡವಾಗಬಹುದು. ಎರಡು ಮೂರು ತಿಂಗಳ ಮನೆಖರ್ಚಿಗೆ ಬೇರೆ ದಾರಿಯಿದೆಯೆ ಎಂದು ಮೊದಲೇ ಯೋಚಿಸಿರುವುದು ಲೇಸು.

ಇನ್ನೊಂದು ಮಾತು. "ಶಿಕ್ಷಣ ಸೇವಕ" ಎಂಬ ಹುದ್ದೆಯನ್ನು ಕೆಲವರು ಬದಲಿ ಕೆಲಸವೆಂದು ತಪ್ಪು ತಿಳಿಯುತ್ತಾರೆ. ಅದು 2000ದಲ್ಲಿ ಮಹಾರಾಷ್ಟ್ರ ಸರಕಾರ ತಂದ ಯೋಜನೆ. ಅದರಲ್ಲಿ ಮೂರು ವರ್ಷ ನಿಗದಿಯಾದ ಮಾನಧನದ ಮೇಲೆ ದುಡಿದ ಬಳಿಕ ಪೂರ್ಣ ವೇತನದ ಶಿಕ್ಷಕರಾಗುವ ದಾರಿಯಿದೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 6,000 ರೂಪಾಯಿ ಇದ್ದ ಆ ಮಾನಧನವನ್ನು 2023ರಲ್ಲಿ 16,000ಕ್ಕೆ ಏರಿಸಲಾಯಿತು. ರಜೆಯ ಜಾಗಕ್ಕೆ ಇಂತಹ ದಾರಿ ಇಲ್ಲ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೇವೆಂದು ಕೇಳಿ ತಿಳಿದುಕೊಳ್ಳಬೇಕು.

ಮೊದಲ ದಿನ ಕೇಳಬೇಕಾದುದು

ಮೊದಲ ದಿನ ಪಾಠ ಆರಂಭವಾಗುವುದಕ್ಕೆ ಅರ್ಧ ತಾಸು ಮುಂಚೆ ಶಾಲೆಯಲ್ಲಿರಬೇಕು. ಮುಖ್ಯಾಧ್ಯಾಪಕರಿಗೆ ಆ ಹೊತ್ತಿನಲ್ಲಿ ನೂರೆಂಟು ಕೆಲಸ. ಅವರಾಗಿಯೇ ಎಲ್ಲವನ್ನೂ ಹೇಳಿಯಾರೆಂದು ಕಾಯಬಾರದು. ಕೇಳಬೇಕಾದುದು ಇಷ್ಟು: ವೇಳಾಪತ್ರಿಕೆ ಎಲ್ಲಿದೆ? ಹಾಜರಿ ಪುಸ್ತಕ ಯಾರ ಬಳಿ ಇರುತ್ತದೆ? ಪಾಠ ಯಾವ ಪುಟದವರೆಗೆ ಆಗಿದೆ? ಮಗುವಿಗೆ ಮೈ ಹುಷಾರಿಲ್ಲದಿದ್ದರೆ ಯಾರಿಗೆ ಹೇಳಬೇಕು? ಶಾಲೆ ಬಿಟ್ಟ ಮೇಲೆ ಚಿಕ್ಕ ಮಕ್ಕಳನ್ನು ಯಾರ ಕೈಗೆ ಒಪ್ಪಿಸಬೇಕು? ಕೊನೆಯದನ್ನು ಎಂದೂ ಮರೆಯಬಾರದು. ಬಾಂದ್ರಾ ಸ್ಟೇಶನಿನ ಪೂರ್ವ ದಿಕ್ಕಿನ ಗಲಾಟೆಯನ್ನು ಬಲ್ಲವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಅಮೇರಿಕೆಯ ಶಾಲೆಗಳಲ್ಲಿ ಮಾಸ್ತರರು ತಾವು ಬಾರದ ದಿನಕ್ಕೆಂದು ಒಂದು ಕಡತವನ್ನು ಮೇಜಿನಲ್ಲಿ ಸಿದ್ಧಪಡಿಸಿಡುವ ರೂಢಿಯಿದೆ. ಯಾವ ಮಗು ಎಲ್ಲಿ ಕೂರುತ್ತದೆ, ಆ ದಿನ ಏನು ಹೇಳಿಕೊಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿ ಅಂಥದು ಸಿಕ್ಕರೆ ಭಾಗ್ಯ. ಸಿಗದಿದ್ದರೆ ಒಬ್ಬ ಜಾಣ ಹುಡುಗಿಯ ವಹಿಯನ್ನು ಕೇಳಿ ತೆಗೆದುಕೊಂಡು ಕಳೆದ ಎರಡು ವಾರದ ಬರೆಹವನ್ನು ನೋಡಬೇಕು. ಮಾಸ್ತರರು ಎಲ್ಲಿ ನಿಲ್ಲಿಸಿದ್ದಾರೆಂಬುದು ಅಲ್ಲಿ ತಿಳಿಯುತ್ತದೆ.

ಪಠ್ಯಪುಸ್ತಕದ ವಿಷಯದಲ್ಲಿ ಹೊಸಬರು ಎಡವುವುದುಂಟು. ಊರಿನಲ್ಲಿರುವ ಅಣ್ಣನ ಮಕ್ಕಳ ಪುಸ್ತಕವನ್ನು ತರಿಸಿ ಓದಿಕೊಂಡು ಹೋದರೆ ಪ್ರಯೋಜನವಿಲ್ಲ. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಪುಸ್ತಕ ಕೊಡುವುದು ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ರಾಜ್ಯ ಪಠ್ಯಪುಸ್ತಕ ಮಂಡಳಿ. ಜನರು ಅದನ್ನು ಬಾಲಭಾರತಿ ಎಂದು ಕರೆಯುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಕಡೆಗಳ ಕನ್ನಡ ಮಕ್ಕಳು ಓದುವುದೂ ಇವೇ ಪುಸ್ತಕಗಳನ್ನು. ಕರ್ನಾಟಕದ ಪುಸ್ತಕಗಳಿಗೂ ಇವಕ್ಕೂ ಪಾಠಗಳು ಬೇರೆ.

ತರಗತಿಯ ಒಳಗೆ

ಹೊಸ ಮಾಸ್ತರರು ಒಳಗೆ ಬಂದೊಡನೆ ಮಕ್ಕಳು ಪರೀಕ್ಷೆ ಮಾಡುತ್ತಾರೆ. ಒಬ್ಬನು ಇನ್ನೊಬ್ಬನ ಹೆಸರು ಹೇಳುತ್ತಾನೆ. ಇನ್ನೊಬ್ಬನು "ನಮ್ಮ ಟೀಚರು ಈ ಹೊತ್ತಿಗೆ ಆಟಕ್ಕೆ ಬಿಡುತ್ತಾರೆ" ಎನ್ನುತ್ತಾನೆ. ಇದು ಲೋಕದಲ್ಲೆಲ್ಲ ಇರುವ ಸಂಗತಿ, ಕೋಪಿಸಿಕೊಳ್ಳಬಾರದು. ಹಾಜರಿ ಪುಸ್ತಕದಿಂದ ಹೆಸರು ಕೂಗಿ, ಪ್ರತಿಯೊಬ್ಬರ ಮುಖವನ್ನೂ ಒಮ್ಮೆ ನೋಡಿ, ತನ್ನ ಹೆಸರನ್ನು ಹಲಗೆಯ ಮೇಲೆ ಬರೆದು, "ನಿಮ್ಮ ಟೀಚರು ಬರುವವರೆಗೆ ನಾನಿರುತ್ತೇನೆ, ಅವರು ಬಿಟ್ಟ ಪಾಠವನ್ನೇ ಮುಂದುವರಿಸೋಣ" ಎಂದು ಹೇಳಿ ಕೂಡಲೇ ಕೆಲಸ ಹಚ್ಚಬೇಕು. ಕೈಗೆ ಕೆಲಸವಿಲ್ಲದ ಮಕ್ಕಳೇ ಗಲಾಟೆ ಮಾಡುವವರು.

ಹೊಡೆಯುವ ಮಾತಂತೂ ಇಲ್ಲ. ನಾವೆಲ್ಲ ಬೆತ್ತದ ಏಟು ತಿಂದು ಕಲಿತವರೆಂಬುದು ನಿಜವಾದರೂ, 2009ರ ಕಾನೂನಿನ 17ನೆಯ ಕಲಮು ಮಕ್ಕಳಿಗೆ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ, ಎರಡು ವಾರಕ್ಕೆ ಬಂದುಹೋಗುವವನ ಏಟು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಭಾಷೆಯ ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಆಡುವ ಮಗು, ಕೊಂಕಣಿ ಆಡುವ ಮಗು, ಕಲಬುರ್ಗಿ, ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗು ಕೂತಿರುತ್ತವೆ. ಒಂದಕ್ಕೆ ಹಣ, ಇನ್ನೊಂದಕ್ಕೆ ರೊಕ್ಕ. ಬೀದಿಯಲ್ಲಿ ಎಲ್ಲರದೂ ಹಿಂದಿ, ಮರಾಠಿ. "ಅದು ಕನ್ನಡವೇ ಅಲ್ಲ" ಎಂದು ಯಾವ ಮಗುವಿನ ಮಾತನ್ನೂ ನಗೆಯಾಡಬಾರದು. ಪುಸ್ತಕದ ಶಬ್ದವನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರೆ ಸಾಕು.

ಅಂಕಿಗಳಲ್ಲಿ ಇದು ಇನ್ನೂ ಸ್ಪಷ್ಟ. ಕನ್ನಡದಲ್ಲಿ ಐವತ್ತೇಳು ಎಂದಾಗ ಐವತ್ತು ಮೊದಲು, ಏಳು ಅನಂತರ, ಬರೆಯುವುದೂ ಹಾಗೆಯೇ. ಮರಾಠಿಯಲ್ಲಿ ಸತ್ತಾವನ್ ಎನ್ನುವಾಗ ಏಳು ಮೊದಲು ಕೇಳಿಸುತ್ತದೆ. ಬೀದಿಯಲ್ಲಿ ಮರಾಠಿಯ ಎಣಿಕೆ ಕಲಿತ ಮಗು 57ರ ಬದಲಿಗೆ 75 ಬರೆದರೆ ಅದನ್ನು ದಡ್ಡನೆನ್ನಬಾರದು. ಕಿವಿಗೆ ಕೇಳಿದ ಕ್ರಮದಲ್ಲಿ ಬರೆದಿದೆ ಅಷ್ಟೆ. ಈ ತೊಡಕು ಮರಾಠಿ ಮಕ್ಕಳಿಗೂ ಉಂಟು. ಆದುದರಿಂದಲೇ 2019ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ಏಕವೀಸ್ ಎಂಬುದರ ಜೊತೆಗೆ ವೀಸ್ ಏಕ್ ಎಂದು ಹೇಳುವ ಕ್ರಮವನ್ನು ತಂದಾಗ ರಾಜ್ಯದಲ್ಲೆಲ್ಲ ದೊಡ್ಡ ಚರ್ಚೆ ನಡೆಯಿತು. ಗಣಿತ ಸಮಿತಿಯ ಅಧ್ಯಕ್ಷೆ ಡಾ. ಮಂಗಲಾ ನಾರಳೀಕರ ಅವರು ದಕ್ಷಿಣದ ಭಾಷೆಗಳಲ್ಲಿ ಅಂಕಿಗಳನ್ನು ಹೀಗೆಯೇ ಹೇಳುತ್ತಾರೆಂದು ಆ ಕ್ರಮವನ್ನು ಸಮರ್ಥಿಸಿದರು. ನಮ್ಮ ಮಕ್ಕಳಿಗೆ ಆ ಅನುಕೂಲ ಮನೆಯ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿ ಬರೆಯಲು ಹೇಳಿದರೆ ತಪ್ಪು ಬೇಗ ತಿದ್ದುತ್ತದೆ.

ಇದ್ದ ದಾರಿಯನ್ನು ಬದಲಿಸಬಾರದು

ನಾನು ಮಾಡಿದ ಮೊದಲ ತಪ್ಪು ವ್ಯವಕಲನದ್ದು. ಬದಲಿಯಾಗಿ ಹೋದ ಒಂದು ಸಂಜೆ ವರ್ಗದಲ್ಲಿ 52ರಿಂದ 27 ಕಳೆಯುವ ಲೆಕ್ಕವಿತ್ತು. ಅಲ್ಲಿಯ ಮಾಸ್ತರರು ಹೇಳಿಕೊಟ್ಟಿದ್ದ ದಾರಿ ಹೀಗೆ: ಎರಡರಲ್ಲಿ ಏಳು ಹೋಗುವುದಿಲ್ಲ, ಆದುದರಿಂದ ಐದು ಹತ್ತುಗಳಲ್ಲಿ ಒಂದನ್ನು ಬಿಡಿಸಿ ತಂದು ಹನ್ನೆರಡು ಮಾಡು, ಹನ್ನೆರಡರಲ್ಲಿ ಏಳು ಹೋದರೆ ಐದು, ಮೇಲೆ ಉಳಿದ ನಾಲ್ಕರಲ್ಲಿ ಎರಡು ಹೋದರೆ ಎರಡು, ಉತ್ತರ 25. ನಮ್ಮ ತಂದೆಯವರು ನನಗೆ ಕಲಿಸಿದ ದಾರಿ ಬೇರೆ: ಹನ್ನೆರಡರಲ್ಲಿ ಏಳು ಹೋದರೆ ಐದು, ಮೇಲಿನ ಐದನ್ನು ಮುಟ್ಟದೆ ಕೆಳಗಿನ ಎರಡಕ್ಕೆ ಒಂದು ಕೂಡಿಸಿ ಮೂರು ಮಾಡು, ಐದರಲ್ಲಿ ಮೂರು ಹೋದರೆ ಎರಡು, ಉತ್ತರ 25. ಎರಡೂ ಸರಿಯಾದ ದಾರಿಗಳೇ.

ನನ್ನದು ಬೇಗ ಆಗುವ ದಾರಿಯೆಂಬ ಹೆಮ್ಮೆಯಿಂದ ಅದನ್ನೇ ಕಲಿಸಿದೆ. ನಾಲ್ಕು ದಿನ ಮಕ್ಕಳು ಚೆನ್ನಾಗಿಯೇ ಮಾಡಿದರು. ಅನಂತರ ಎರಡೂ ದಾರಿಗಳನ್ನು ಬೆರೆಸತೊಡಗಿದರು. ಮೇಲೆ ಒಂದು ತೆಗೆದು ನಾಲ್ಕು ಮಾಡಿದರು, ಕೆಳಗೂ ಒಂದು ಕೂಡಿಸಿ ಮೂರು ಮಾಡಿದರು, ನಾಲ್ಕರಲ್ಲಿ ಮೂರು ಹೋಗಿ ಒಂದು, ಉತ್ತರ 15! ಅಷ್ಟರಲ್ಲಿ ನನ್ನ ಎರಡು ವಾರ ಮುಗಿದಿತ್ತು. ಹಿಂತಿರುಗಿದ ಮಾಸ್ತರರು ಒಂದು ವಾರ ಪೂರ್ತಿ ಅದನ್ನು ಸರಿಪಡಿಸಬೇಕಾಯಿತು. ಅವರು ನನ್ನನ್ನು ಬಯ್ಯಲಿಲ್ಲ. "ನಿಮ್ಮ ಕಚೇರಿಯಲ್ಲಿ ಒಬ್ಬ ಕಾರಕೂನ ರಜೆ ಹೋದರೆ ಬದಲಿಗೆ ಬಂದವರು ಖಾತೆಪುಸ್ತಕದ ಪದ್ಧತಿಯನ್ನೇ ಬದಲಾಯಿಸುತ್ತಾರೆಯೆ?" ಎಂದು ಮಾತ್ರ ಕೇಳಿದರು. ಆ ಮಾತು ನನಗೆ ಚೆನ್ನಾಗಿ ನಾಟಿತು. ಬದಲಿಯವನ ಕೆಲಸ ಇನ್ನೊಬ್ಬರ ಖಾತೆಯನ್ನು ಅವರ ಪದ್ಧತಿಯಲ್ಲೇ ಬರೆದು, ಸಾಲು ತಪ್ಪದಂತೆ ಒಪ್ಪಿಸುವುದು.

ರಾತ್ರಿ ಶಾಲೆಯ ಜವಾಬ್ದಾರಿ

ಮುಂಬಯಿಯ ಕನ್ನಡಿಗರಿಗೆ ರಾತ್ರಿ ಶಾಲೆ ಹೊಸದಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ರಾತ್ರಿ ಶಾಲೆಯನ್ನು ತೆರೆಯಿತು. ಮುಂದೆ ಬೇರೆ ಸಂಘಗಳೂ ಆ ದಾರಿಯಲ್ಲಿ ನಡೆದವು. ಹಗಲು ಹೋಟೇಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ದೀಪದ ಕೆಳಗೆ ಓದಿ, ಗುಮಾಸ್ತರೂ ವಕೀಲರೂ ಆದವರು ನಮ್ಮ ನಡುವೆ ಅನೇಕರಿದ್ದಾರೆ.

ಇಂಥ ಶಾಲೆಯಲ್ಲಿ ಪಾಠದ ವೇಳೆ ಹಗಲು ಶಾಲೆಗಿಂತ ಕಡಿಮೆ. ವಿದ್ಯಾರ್ಥಿಗಳು ದಣಿದು ಬಂದಿರುತ್ತಾರೆ, ಕೆಲವರು ತೂಕಡಿಸುತ್ತಾರೆ. ಮಳೆಗಾಲದಲ್ಲಿ ರೈಲು ನಿಂತಾಗ, ಗಣೇಶ ಚವತಿಗೆ, ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆಯ ವಾರ ಹೋಟೇಲುಗಳಲ್ಲಿ ಗಿರಾಕಿ ಹೆಚ್ಚಾದಾಗ, ಹಾಜರಿ ಇಳಿಯುತ್ತದೆ. ಇಪ್ಪತ್ತು ಮಂದಿ ಬರಬೇಕಾದಲ್ಲಿ ಆರು ಮಂದಿ ಬಂದರೂ ಪಾಠ ನಡೆಸಲೇಬೇಕು. ಯಾಕೆಂಬುದಕ್ಕೆ ನನ್ನ ಎರಡನೆಯ ತಪ್ಪನ್ನು ಹೇಳಬೇಕು.

ಒಂದು ರಾತ್ರಿ ಶಾಲೆಯಲ್ಲಿ ಎರಡು ವಾರಕ್ಕೆಂದು ಒಪ್ಪಿಕೊಂಡಿದ್ದೆ. ಮೊದಲ ದಿನ ಚೆನ್ನಾಗಿ ನಡೆಯಿತು. ಕುಂದಾಪುರದ ಕಡೆಯ ಹದಿನೆಂಟು ವರ್ಷದ ಒಬ್ಬ ಹುಡುಗ ಮುಂದಿನ ಬೆಂಚಿನಲ್ಲಿ ಕೂತು ಎಲ್ಲ ಲೆಕ್ಕಗಳನ್ನೂ ಬಿಡಿಸಿದ. ಹೋಟೇಲಿನಲ್ಲಿ ಸಂಜೆ ಎರಡು ತಾಸು ಬಿಡುವು ಪಡೆಯಲು ಅವನು ಬೆಳಿಗ್ಗೆ ಐದಕ್ಕೆ ಏಳುವುದಾಗಿ ಧಣಿಗಳಿಗೆ ಮಾತು ಕೊಟ್ಟಿದ್ದನಂತೆ. ಮರುದಿನ ನಮ್ಮ ಕಚೇರಿಯಲ್ಲಿ ತಿಂಗಳ ಕೊನೆಯ ಲೆಕ್ಕ. ಓವರ್‌ಟೈಮು ಬಿತ್ತು. ಫೋನು ಮಾಡಿ ತಿಳಿಸೋಣವೆಂದುಕೊಂಡವನು ಗಡಿಬಿಡಿಯಲ್ಲಿ ಮರೆತೆ. ಹುಡುಗರು ಅರ್ಧ ತಾಸು ಮೆಟ್ಟಲ ಮೇಲೆ ಕೂತು ಕಾದು ಹಿಂತಿರುಗಿದರು. ಆ ಹುಡುಗ ಎಂಟು ಗಂಟೆಗೆ ಮುಂಚೆಯೇ ಹೋಟೇಲಿಗೆ ಬಂದುದನ್ನು ಕಂಡು, "ಪಾಠವೇ ಇಲ್ಲದ ಶಾಲೆಗೆ ಬಿಡುವು ಯಾಕೆ?" ಎಂದು ಕೇಳಿ, ಅವನನ್ನು ಸಂಜೆಯ ಪಾಳಿಗೆ ಹಾಕಿದರು. ಮೂರನೆಯ ದಿನ ಅವನ ಬೆಂಚು ಖಾಲಿ.

ನಾನು ಹೋಟೇಲಿಗೆ ಹೋಗಿ ತಪ್ಪು ನನ್ನದೆಂದು ಹೇಳಿಕೊಂಡೆ. ಧಣಿಗಳು ಮರ್ಯಾದೆಯಿಂದಲೇ ಮಾತಾಡಿದರು, ಚಹಾ ಕೊಟ್ಟರು. "ಈಗ ಪಾಳಿ ಹಂಚಿ ಆಯಿತಲ್ಲ ಮಾಸ್ಟ್ರೇ, ಬರುವ ವರ್ಷ ನೋಡೋಣ" ಎಂದರು. ಅವರದೂ ವ್ಯಾಪಾರ. ಹುಡುಗ ನನ್ನ ಲೋಟವನ್ನು ತೆಗೆದುಕೊಂಡು ಹೋಗುವಾಗ ಏನೂ ಮಾತಾಡಲಿಲ್ಲ. ಆ ವರ್ಷ ಅವನು ಮತ್ತೆ ಬರಲಿಲ್ಲ.

ಆದುದರಿಂದ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಒಪ್ಪಿಕೊಳ್ಳುವ ಮೊದಲು ನಿಮ್ಮ ಪಾಳಿ, ತಿಂಗಳ ಕೊನೆ, ಓವರ್‌ಟೈಮು ಎಲ್ಲವನ್ನೂ ಲೆಕ್ಕ ಹಾಕಿರಿ. ಬಾಂದ್ರಾದಿಂದ ಕೋಟೆಯ ಕಡೆಗೆ ಹೋಗಬೇಕಾದರೆ ಹಾರ್ಬರ್ ಗಾಡಿಗೂ ಚರ್ಚ್‌ಗೇಟ್ ಗಾಡಿಗೂ ಹಿಡಿಯುವ ಹೊತ್ತನ್ನು ಒಂದು ದಿನ ಮುಂಚಿತವಾಗಿ ಹೋಗಿ ನೋಡಿರಿ. ಹತ್ತು ದಿನ ಆಗದಿದ್ದರೆ ಐದೇ ದಿನ ಒಪ್ಪಿಕೊಳ್ಳಿರಿ. ಆದರೆ ಆ ಐದು ದಿನ ತಪ್ಪಬೇಡಿರಿ. ಬರಲಾಗದಿದ್ದರೆ ಮಧ್ಯಾಹ್ನಕ್ಕೆ ಮುಂಚೆ ತಿಳಿಸಿರಿ. ಸಾಧ್ಯವಾದರೆ ನಿಮ್ಮ ಬದಲಿಗೆ ಇನ್ನೊಬ್ಬರನ್ನು ನೀವೇ ಹುಡುಕಿರಿ. ದಿನವೂ ಬರುವ ಮಾಸ್ತರರು ಒಂದು ದಿನ ತಪ್ಪಿದರೆ ವಿದ್ಯಾರ್ಥಿಗಳು ನಾಳೆ ಬರುತ್ತಾರೆಂದು ನಂಬುತ್ತಾರೆ. ಬದಲಿಯವನು ತಪ್ಪಿದರೆ ಶಾಲೆಯೇ ನಿಂತಿತೆಂದು ತಿಳಿಯುತ್ತಾರೆ.

ಬಿಟ್ಟು ಬರುವಾಗ

ಕೊನೆಯ ದಿನ ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದು ಮಾಸ್ತರರಿಗೆ ಬಿಟ್ಟು ಬರಬೇಕು. ಒಂದು, ಯಾವ ಪುಟದಿಂದ ಯಾವ ಪುಟದವರೆಗೆ ಆಯಿತು. ಎರಡು, ಯಾರು ಯಾರು ಎಷ್ಟು ದಿನ ಬರಲಿಲ್ಲ, ಕಾರಣ ತಿಳಿದಿದ್ದರೆ ಅದೂ. ಮೂರು, ಯಾವ ಲೆಕ್ಕ ಅಥವಾ ಪಾಠ ಯಾರಿಗೆ ತಿಳಿಯಲಿಲ್ಲ. ನಾಲ್ಕು, ನಾನು ಏನನ್ನಾದರೂ ತಪ್ಪು ಹೇಳಿದ್ದರೆ ಅದು. ನಾಲ್ಕನೆಯದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ನಾನು ವ್ಯವಕಲನದ ವಿಷಯವನ್ನು ಆಗಲೇ ಬರೆದಿಟ್ಟಿದ್ದರೆ ಆ ಮಾಸ್ತರರಿಗೆ ಒಂದು ವಾರ ಹುಡುಕುವ ಕಷ್ಟ ತಪ್ಪುತ್ತಿತ್ತು.

ಹೊಗಳಿಕೆಯನ್ನು ನಿರೀಕ್ಷಿಸಬಾರದು. ಮಾಸ್ತರರು ಬಂದ ದಿನ ಮಕ್ಕಳು ಅವರ ಸುತ್ತ ಸೇರುತ್ತಾರೆ. ಬದಲಿಗೆ ಬಂದವರು ಚಪ್ಪಲಿ ಮೆಟ್ಟಿ ಹೊರಡುವುದು ಯಾರಿಗೂ ಕಾಣುವುದಿಲ್ಲ. ಅದು ಸರಿಯಾದದ್ದೇ. ಪಾಠ ಮರುದಿನ ಮುಂದಿನ ಪುಟದಿಂದ ಆರಂಭವಾದರೆ ನಮ್ಮ ಕೆಲಸ ಸರಿಯಾಗಿ ಆಯಿತೆಂದು ತಿಳಿಯಬೇಕು.

ಸಂಜೆ ಎರಡು ತಾಸು ಕೊಡಬಲ್ಲವರು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ತಮ್ಮ ಹೆಸರು, ಕಲಿಸಬಲ್ಲ ವಿಷಯ ಮತ್ತು ಬಿಡುವಿನ ದಿನಗಳನ್ನು ಬರೆದಿಡಬೇಕಾಗಿ ವಿನಂತಿ. ಬರಲಾಗದ ದಿನಗಳನ್ನೂ ಮರೆಯದೆ ಬರೆಯಿರಿ.